ಮಾಲಾ ಮೀನನ್ನು ಗುರುತಿಸುವುದು ಹೇಗೆ?
ಸ್ವಸಹಾಯ ಸಂಘಗಳ ಸದಸ್ಯರಿಗೆ, ಮೀನು ಮಾರುವ ಸಹೋದರಿಯರಿಗೆ ಮತ್ತು ಮೀನು ಸಾಕುವವರಿಗೆ



ನದಿ ಸಮುದ್ರ ಸೇರುವ ಅಳಿವೆ ಬಾಗಿಲುಗಳ ಸುತ್ತಮುತ್ತ ನಮ್ಮ ಎಷ್ಟೋ ಕುಟುಂಬಗಳು ಬದುಕುತ್ತಿವೆ. ಮಂಗಳೂರಿನ ನೇತ್ರಾವತಿ-ಗುರುಪುರ ಹೊಳೆಗಳ ಅಳಿವೆಯಿಂದ ಹಿಡಿದು ಮುಲ್ಕಿ, ಉದ್ಯಾವರ, ಗಂಗೊಳ್ಳಿ, ಹೊನ್ನಾವರದ ಶರಾವತಿ, ಕುಮಟಾದ ಅಘನಾಶಿನಿ, ಕಾರವಾರದ ಕಾಳಿ ತನಕ ಎಲ್ಲ ಕಡೆ ಸಿಗುವ ಒಂದು ಮೀನು ಮಾಲಾ. ಬೀಸುಬಲೆ ಹಾಕಿದವರಿಗೆ ಸಿಗುತ್ತದೆ, ಗಜನಿ ಗದ್ದೆಗೆ ಭರತದ ನೀರು ಬಿಟ್ಟವರಿಗೂ ಸಿಗುತ್ತದೆ. ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದ 61 ದಿನಗಳಲ್ಲಿ ಹೊಳೆ ಮೀನಿಗೆ ಬೇಡಿಕೆ ಬರುತ್ತದಲ್ಲ, ಆಗ ಬುಟ್ಟಿಯಲ್ಲಿ ಮುಂದೆ ಕೂರುವ ಮೀನುಗಳಲ್ಲಿ ಇದೂ ಒಂದು. ತಪಸ್ಸುಕಾಲದ ಶುಕ್ರವಾರಗಳಲ್ಲೂ ಇದರ ಗಸಿ ಮಾಡದ ಮನೆಗಳು ಕಡಿಮೆ.

ಆದರೆ ಒಂದು ವಿಷಯ ಗಮನಿಸಿ. ನಾವು ಮಾಲಾ ಎಂದು ಒಂದೇ ಹೆಸರು ಹೇಳುವುದು ಒಂದೇ ಮೀನಿಗಲ್ಲ. ಒಂದೇ ಕುಟುಂಬಕ್ಕೆ ಸೇರಿದ ಹಲವು ಜಾತಿಗಳಿಗೆ ನಾವು ಆ ಹೆಸರು ಕೊಟ್ಟಿದ್ದೇವೆ. ನೋಡಲು ಎಲ್ಲವೂ ಅಣ್ಣ ತಮ್ಮಂದಿರ ಹಾಗೆ. ಆದರೆ ಒಂದು ಜಾತಿ ಕೈಯುದ್ದ ಬೆಳೆಯುತ್ತದೆ, ಇನ್ನೊಂದು ಗೇಣುದ್ದಕ್ಕೇ ನಿಂತುಬಿಡುತ್ತದೆ. ತಿನ್ನುವವರಿಗೆ ಇದು ದೊಡ್ಡ ವಿಷಯ ಅಲ್ಲದೆ ಇರಬಹುದು. ಸಾಲ ಮಾಡಿ ಕೆರೆಗೋ ಪಂಜರಕ್ಕೋ ಮರಿ ಬಿಡುವವರಿಗೆ ಮಾತ್ರ ಇದೇ ಲಾಭ ನಷ್ಟದ ಪ್ರಶ್ನೆ. ಆದ್ದರಿಂದ ಈ ಸಲ ಮಾಲಾ ಮೀನಿನ ಗುರುತುಗಳನ್ನು ಒಂದೊಂದಾಗಿ ವಿವರಿಸುತ್ತಿದ್ದೇವೆ.

ಹೆಸರುಗಳು

ಕಾರವಾರದ ಕಡೆಯ ಕೊಂಕಣಿಯಲ್ಲಿ, ಗೋವಾದಲ್ಲಿ ಈ ಮೀನು ಶೆವ್ಟೊ. ಮಹಾರಾಷ್ಟ್ರದಲ್ಲಿ ಬೋಯಿ. ಕೇರಳದಲ್ಲಿ ದೊಡ್ಡ ಜಾತಿಗೆ ತಿರುತ ಎಂದೂ ಸಣ್ಣದಕ್ಕೆ ಕಣಂಬು ಎಂದೂ ಬೇರೆ ಬೇರೆ ಹೆಸರಿದೆ. ಇಂಗ್ಲಿಷಿನಲ್ಲಿ ಮುಲ್ಲೆಟ್. ಇವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬೆಳೆಯುವ, ಸಾಕಣೆಗೆ ಬೇಕಾದ ಜಾತಿ ಗ್ರೇ ಮುಲ್ಲೆಟ್. ಅದರ ಶಾಸ್ತ್ರೀಯ ಹೆಸರು ಮ್ಯುಗಿಲ್ ಸೆಫಾಲಸ್. 1758ರಲ್ಲಿ ಲಿನ್ನೇಯಸ್ ಎಂಬ ವಿಜ್ಞಾನಿ ಈ ಹೆಸರು ಕೊಟ್ಟರು. ಸೆಫಾಲಸ್ ಎಂಬುದು ತಲೆ ಎನ್ನುವ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಈ ಮೀನಿನ ಅಗಲವಾದ, ಮೇಲೆ ಚಪ್ಪಟೆಯಾದ ತಲೆಯನ್ನು ಕಂಡವರಿಗೆ ಹೆಸರು ಯಾಕೆ ಹಾಗೆ ಅಂತ ಬೇರೆ ಹೇಳಬೇಕಾಗಿಲ್ಲ.

ಶಾಸ್ತ್ರೀಯ ಹೆಸರು ನಮಗೆ ಯಾಕೆ ಅಂತ ಕೆಲವರು ಕೇಳಬಹುದು. ಮರಿ ಕೊಳ್ಳುವಾಗ, ಬ್ಯಾಂಕಿಗೆ ಯೋಜನಾ ವರದಿ ಕೊಡುವಾಗ, ಇಲಾಖೆಗೆ ಅರ್ಜಿ ಹಾಕುವಾಗ ಮಾಲಾ ಎಂದು ಬರೆದರೆ ಯಾವ ಜಾತಿ ಎಂದು ಯಾರಿಗೂ ತಿಳಿಯುವುದಿಲ್ಲ. ಮ್ಯುಗಿಲ್ ಸೆಫಾಲಸ್ ಎಂದು ಬರೆದರೆ ಯಾರೂ ಬೇರೆ ಅರ್ಥ ಮಾಡಲು ಆಗುವುದಿಲ್ಲ.

ಮೊದಲನೆಯ ಪ್ರಶ್ನೆ: ಇದು ಮಾಲಾ ಕುಟುಂಬದ ಮೀನು ಹೌದಾ?

ಜಾತಿ ನೋಡುವ ಮೊದಲು ಕುಟುಂಬ ನೋಡಬೇಕು. ಮೀನನ್ನು ಒಂದು ತಟ್ಟೆಯಲ್ಲಿ ಮಲಗಿಸಿ ಈ ನಾಲ್ಕು ಗುರುತು ನೋಡಿ.

1. ಬೆನ್ನಿನ ಮೇಲೆ ಎರಡು ರೆಕ್ಕೆಗಳಿವೆ. ಎರಡೂ ಚಿಕ್ಕವು, ಒಂದರಿಂದ ಇನ್ನೊಂದು ಸಾಕಷ್ಟು ದೂರ. ಮುಂದಿನದರಲ್ಲಿ ನಾಲ್ಕೇ ನಾಲ್ಕು ಗಟ್ಟಿ ಮುಳ್ಳು.

2. ಮೈಯ ಬದಿಯಲ್ಲಿ ಕಿವಿರಿನಿಂದ ಬಾಲದ ತನಕ ಹೋಗುವ ಪಕ್ಕಗೆರೆ ಇಲ್ಲ. ಬಹಳ ಮೀನುಗಳಲ್ಲಿ ಸಣ್ಣ ರಂಧ್ರಗಳ ಸಾಲಿನ ಹಾಗೆ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಮಾಲಾದಲ್ಲಿ ಅದು ಕಾಣುವುದಿಲ್ಲ.

3. ಬಾಯಿ ಚಿಕ್ಕದು. ಕೈ ಹಾಕಿದರೆ ಕಚ್ಚುವಂಥ ಹಲ್ಲಿಲ್ಲ. ಕೆಸರಿನ ಮೇಲಿನ ಪಾಚಿ, ಕೊಳೆತ ಎಲೆಯ ಚೂರು, ಕಣ್ಣಿಗೆ ಕಾಣದ ಸಣ್ಣ ಜೀವಿಗಳನ್ನು ಹೀರಿ ಸೋಸಿ ತಿನ್ನುವ ಮೀನು ಇದು. ಬೇಟೆ ಆಡುವುದಲ್ಲ.

4. ಮೈ ಉದ್ದ, ದಪ್ಪ, ಮುಂಭಾಗ ಉರುಟು. ತಲೆಯ ಮೇಲ್ಭಾಗ ಚಪ್ಪಟೆ, ತಲೆಯ ಮೇಲೂ ಹುರುಪೆ ಇದೆ.

ಈ ನಾಲ್ಕೂ ಇದ್ದರೆ ಕುಟುಂಬ ಸರಿ. ಇಲ್ಲಿ ತಪ್ಪು ಆಗುವುದು ಮುಖ್ಯವಾಗಿ ಎರಡು ಮೀನುಗಳ ಜೊತೆ. ಒಂದು ಹೂಮೀನು. ಅದೂ ಬೆಳ್ಳಿ ಬಣ್ಣ, ಅದೂ ಅಳಿವೆಯದ್ದು, ಅದನ್ನೂ ಸಾಕುತ್ತಾರೆ. ಆದರೆ ಹೂಮೀನಿಗೆ ಬೆನ್ನಿನಲ್ಲಿ ಒಂದೇ ರೆಕ್ಕೆ, ಬಾಲ ಕತ್ತರಿಯ ಹಾಗೆ ಆಳವಾಗಿ ಕವಲು, ಪಕ್ಕಗೆರೆ ಸ್ಪಷ್ಟ. ಇನ್ನೊಂದು ರಾವಸ. ಅದಕ್ಕೂ ಬೆನ್ನಿನಲ್ಲಿ ಎರಡು ರೆಕ್ಕೆ ಇದೆ. ಆದರೆ ರಾವಸದ ಮೂತಿ ಬಾಯಿಯ ಮೇಲೆ ಚಾಚಿಕೊಂಡಿರುತ್ತದೆ, ಕೈರೆಕ್ಕೆಯ ಕೆಳಗೆ ದಾರದ ಎಳೆಗಳಂತೆ ಉದ್ದ ಕಡ್ಡಿಗಳು ಜೋತಾಡುತ್ತವೆ. ಆ ಎಳೆ ಕಂಡರೆ ಅದು ಮಾಲಾ ಅಲ್ಲವೇ ಅಲ್ಲ.

ಎರಡನೆಯ ಪ್ರಶ್ನೆ: ಇದು ದೊಡ್ಡ ಜಾತಿಯೇ?

ಈಗ ಕುಟುಂಬದೊಳಗೆ ಮ್ಯುಗಿಲ್ ಸೆಫಾಲಸ್ ಅನ್ನು ಹುಡುಕೋಣ. ಇದಕ್ಕೆ ಒಂದೇ ಗುರುತು ನಂಬಿದರೆ ಮೋಸ ಹೋಗುತ್ತೇವೆ. ಎಲ್ಲ ಗುರುತು ಒಟ್ಟಿಗೆ ಕೂಡಿ ಬರಬೇಕು.

ಗುರುತು ಒಂದು: ಕಣ್ಣಿನ ಪರದೆ. ದೊಡ್ಡ ಮಾಲಾದ ಕಣ್ಣನ್ನು ಹತ್ತಿರದಿಂದ ನೋಡಿ. ಕಣ್ಣಿನ ಮುಂದೆ ಹಿಂದೆ ಎರಡೂ ಕಡೆಯಿಂದ ಕೊಬ್ಬಿನ ಒಂದು ಪಾರದರ್ಶಕ ಪರದೆ ಬಂದು ಕಣ್ಣಿನ ಹೆಚ್ಚಿನ ಭಾಗವನ್ನು ಮುಚ್ಚಿರುತ್ತದೆ. ನಡುವೆ, ಪಾಪೆಯ ಎದುರು, ಮೇಲಿಂದ ಕೆಳಕ್ಕೆ ಒಂದು ಸೀಳು ಮಾತ್ರ ತೆರೆದಿರುತ್ತದೆ. ಅರ್ಧ ಎಳೆದ ಕಿಟಕಿ ಪರದೆಯ ಹಾಗೆ. ಬೆರಳ ತುದಿಯಿಂದ ಮೆಲ್ಲಗೆ ಸವರಿದರೆ ಆ ಪರದೆಯ ಅಂಚು ಕೈಗೆ ಸಿಗುತ್ತದೆ. ಬೇರೆ ಹಲವು ಜಾತಿಗಳಲ್ಲಿ ಈ ಪರದೆ ಕಣ್ಣಿನ ಸುತ್ತ ತೆಳ್ಳಗಿನ ಅಂಚಿನಷ್ಟೇ ಇರುತ್ತದೆ.

ಗುರುತು ಎರಡು: ಕಂಕುಳ ಹುರುಪೆ. ಕೈರೆಕ್ಕೆಯನ್ನು, ಅಂದರೆ ಕಿವಿರಿನ ಹಿಂದೆ ಬದಿಯಲ್ಲಿರುವ ರೆಕ್ಕೆಯನ್ನು ಮೆಲ್ಲಗೆ ಎತ್ತಿ. ಅದರ ಬುಡದಲ್ಲಿ, ನಮ್ಮ ಕಂಕುಳು ಇರುವಂಥ ಜಾಗದಲ್ಲಿ, ಉದ್ದನೆಯ ಚೂಪಾದ ಒಂದು ಹುರುಪೆ ಪ್ರತ್ಯೇಕವಾಗಿ ಎದ್ದು ಕಾಣುತ್ತದೆ. ದೊಡ್ಡ ಮಾಲಾದಲ್ಲಿ ಇದು ಇದೆ. ಬಹಳ ಸಿಗುವ ಸಣ್ಣ ಜಾತಿಗಳಲ್ಲಿ ಇದು ಇಲ್ಲ, ಅಥವಾ ಇದ್ದರೂ ಹೆಸರಿಗೆ ಮಾತ್ರ.

ಗುರುತು ಮೂರು: ಗುದರೆಕ್ಕೆಯ ಲೆಕ್ಕ. ಹೊಟ್ಟೆಯ ಹಿಂದೆ, ಬಾಲಕ್ಕಿಂತ ಮುಂಚೆ ಕೆಳಗೆ ಇರುವ ರೆಕ್ಕೆ ಇದು. ಅದನ್ನು ಬಿಡಿಸಿ ಹಿಡಿದು ಗುಂಡುಸೂಜಿಯಿಂದ ಎಣಿಸಿ. ದೊಡ್ಡ ಮಾಲಾದಲ್ಲಿ 3 ಗಟ್ಟಿ ಮುಳ್ಳು, 8 ಮೆತ್ತನೆ ಕಡ್ಡಿ. ಒಟ್ಟು 11. ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಉಳಿದ ಹೆಚ್ಚಿನ ಜಾತಿಗಳಲ್ಲಿ 3 ಮುಳ್ಳು, 9 ಕಡ್ಡಿ. ಒಟ್ಟು 12. ಮೊದಲನೆಯ ಮುಳ್ಳು ಬಹಳ ಚಿಕ್ಕದು, ಬಿಟ್ಟುಹೋಗದ ಹಾಗೆ ನೋಡಿ. ಕೊನೆಯ ಕಡ್ಡಿ ಬುಡದಿಂದಲೇ ಸೀಳಿದ್ದು ಎರಡರ ಹಾಗೆ ಕಾಣುತ್ತದೆ, ಅದನ್ನು ಒಂದೇ ಎಂದು ಲೆಕ್ಕ ಹಿಡಿಯಬೇಕು.

ಗುರುತು ನಾಲ್ಕು: ಬಣ್ಣ ಮತ್ತು ಗೆರೆ. ಬೆನ್ನು ಹಸಿರು ಮಿಶ್ರಿತ ಬೂದು, ಬದಿ ಬೆಳ್ಳಿ, ಹೊಟ್ಟೆ ಬಿಳಿ. ಬದಿಯಲ್ಲಿ ಹುರುಪೆಯ ಸಾಲಿಗೆ ಸರಿಯಾಗಿ 6-7 ಕಪ್ಪುಛಾಯೆಯ ಗೆರೆಗಳು ತಲೆಯಿಂದ ಬಾಲದ ಕಡೆಗೆ ಹೋಗುತ್ತವೆ. ಕೈರೆಕ್ಕೆಯ ಬುಡದಲ್ಲಿ ಒಂದು ಕಡುನೀಲಿ ಮಚ್ಚೆ. ಆದರೆ ಬಣ್ಣವನ್ನು ಪೂರ್ತಿ ನಂಬಬೇಡಿ. ಐಸಿನಲ್ಲಿ ಒಂದು ದಿನ ಇದ್ದರೆ ಬಣ್ಣ ಮಾಸುತ್ತದೆ. ಸಣ್ಣ ಮೀನಿನಲ್ಲಿ ಗೆರೆ ಸರಿಯಾಗಿ ಮೂಡಿರುವುದೂ ಇಲ್ಲ.

ಗುರುತು ಐದು: ಹುರುಪೆಯ ಲೆಕ್ಕ. ಕಿವಿರಿನ ಹಿಂಬದಿಯಿಂದ ಬಾಲದ ಬುಡದ ತನಕ ಮೈಯ ನಡುವೆ ಒಂದು ಸಾಲು ಹಿಡಿದು ಎಣಿಸಿ. ದೊಡ್ಡ ಮಾಲಾದಲ್ಲಿ ಸಾಮಾನ್ಯವಾಗಿ 36ರಿಂದ 45ರ ನಡುವೆ ಇರುತ್ತದೆ. ಹುರುಪೆ ದೊಡ್ಡದಿರುವ ಜಾತಿಗಳಲ್ಲಿ ಈ ಸಂಖ್ಯೆ 30ರ ಆಸುಪಾಸಿಗೆ ಇಳಿಯುತ್ತದೆ.

ಒಳಗಿನ ಗುರುತು. ಮೀನು ಕೊಯ್ಯುವ ಸಹೋದರಿಯರಿಗೆ ಇನ್ನೊಂದು ಗುರುತು ಸುಲಭ. ಮಾಲಾದ ಹೊಟ್ಟೆಯೊಳಗೆ ಕೋಳಿಯ ಕಲ್ಲಿನಂತೆ ಗಟ್ಟಿಯಾದ ಒಂದು ಉಂಡೆ ಇರುತ್ತದೆ. ಕೆಸರಿನ ಜೊತೆ ಬಂದ ಮರಳು ಸೇರಿಸಿ ಆಹಾರವನ್ನು ಅರೆಯುವ ಜಠರ ಅದು. ಅದರ ನಂತರ ಕರುಳು ಆರಂಭವಾಗುವಲ್ಲಿ ಸಣ್ಣ ಬೆರಳಿನ ಹಾಗೆ ಚೀಲಗಳು ಅಂಟಿಕೊಂಡಿವೆ. ದೊಡ್ಡ ಮಾಲಾದಲ್ಲಿ ಇಂಥ ಚೀಲ ಎರಡೇ. ನಮ್ಮ ಬಲೆಗೆ ಬೀಳುವ ಸಣ್ಣ ಮಾಲಾಗಳಲ್ಲಿ ಎರಡಕ್ಕಿಂತ ಹೆಚ್ಚು. ಹೊರಗಿನ ಗುರುತಿನಲ್ಲಿ ಸಂಶಯ ಉಳಿದರೆ ಈ ಗುರುತು ನೋಡಬಹುದು.

ಹತ್ತಿರದ ಸಂಬಂಧಿಕರು

ಈಗ ಯಾವ ಯಾವ ಮೀನುಗಳ ಜೊತೆ ಗೊಂದಲ ಆಗುತ್ತದೆ ಎಂದು ನೋಡೋಣ.

ದೊಡ್ಡ ಹುರುಪೆಯ ಮಾಲಾ (ಪ್ಲಾನಿಲೈಜಾ ಮ್ಯಾಕ್ರೋಲೆಪಿಸ್): ಹೆಸರೇ ಹೇಳುವಂತೆ ಹುರುಪೆ ದೊಡ್ಡದು, ಒಂದು ಸಾಲಿನಲ್ಲಿ 30ರಿಂದ 35. ಕಣ್ಣಿನ ಪರದೆ ತೆಳ್ಳನೆ ಅಂಚು ಮಾತ್ರ. ಕಂಕುಳ ಹುರುಪೆ ಇಲ್ಲ. ನಮ್ಮ ಹೊಳೆಗಳಲ್ಲಿ ಚೆನ್ನಾಗಿ ಸಿಗುವ, ರುಚಿಯ ಮೀನು. ಸಾಮಾನ್ಯವಾಗಿ ಒಂದು ಅಡಿಯ ಒಳಗೆ ಇರುತ್ತದೆ.

ಚಿನ್ನದ ಮಚ್ಚೆಯ ಮಾಲಾ (ಪ್ಲಾನಿಲೈಜಾ ಪಾರ್ಸಿಯಾ): ಕಿವಿರಿನ ಮುಚ್ಚಳದ ಮೇಲೆ ಹೊನ್ನಿನ ಬಣ್ಣದ ಮಚ್ಚೆ. ಸತ್ತ ಮೇಲೆ ಅದು ಮಾಸುತ್ತಾ ಹೋಗುತ್ತದೆ. ಸಾಮಾನ್ಯವಾಗಿ ಗೇಣುದ್ದ ದಾಟುವುದಿಲ್ಲ. ಬಂಗಾಳದಲ್ಲಿ ಇದನ್ನು ಪಾರ್ಶೆ ಎಂದು ಇಷ್ಟಪಟ್ಟು ತಿನ್ನುತ್ತಾರೆ, ಅಲ್ಲಿ ಸಾಕುತ್ತಾರೆ ಕೂಡ. ಆದರೆ ದೊಡ್ಡ ಮೀನು ಬೇಕೆಂದು ಮರಿ ಬಿಟ್ಟವರಿಗೆ ಇದು ಸಿಕ್ಕಿದರೆ ನಿರಾಶೆ ಖಂಡಿತ.

ಹಸಿರು ಬೆನ್ನಿನ ಮಾಲಾ (ಪ್ಲಾನಿಲೈಜಾ ಸಬ್‌ವಿರಿಡಿಸ್): ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಇದೇ. ಇದರ ಕಣ್ಣಿಗೂ ದೊಡ್ಡ ಮಾಲಾದ ಹಾಗೆ ದಪ್ಪ ಪರದೆ ಇದೆ, ಬದಿಯಲ್ಲಿ ಗೆರೆಗಳೂ ಇವೆ. ಕಣ್ಣು ಮಾತ್ರ ನೋಡಿದವರು ದೊಡ್ಡ ಜಾತಿ ಎಂದೇ ಹೇಳುತ್ತಾರೆ. ಆಗ ಕೈರೆಕ್ಕೆ ಎತ್ತಿ ನೋಡಿ, ಕಂಕುಳ ಹುರುಪೆ ಇಲ್ಲ. ಗುದರೆಕ್ಕೆ ಎಣಿಸಿ, 9 ಕಡ್ಡಿ. ಹುರುಪೆ ಎಣಿಸಿ, 27ರಿಂದ 32. ಮೂರೂ ಬೇರೆ. ಒಂದೇ ಗುರುತು ಸಾಲದು ಎಂದು ನಾವು ಹೇಳಿದ್ದು ಇದಕ್ಕೇ.

ನೀಲಿ ಮಚ್ಚೆಯ ಮಾಲಾ (ಕ್ರೆನಿಮ್ಯುಗಿಲ್ ಸೆಹೇಲಿ): ಇದಕ್ಕೆ ಕಂಕುಳ ಹುರುಪೆ ಉಂಟು, ಕೈರೆಕ್ಕೆಯ ಬುಡದ ಮೇಲ್ಭಾಗದಲ್ಲಿ ನೀಲಿ ಮಚ್ಚೆಯೂ ಉಂಟು. ಹುರುಪೆಯ ಲೆಕ್ಕವೂ 38ರಿಂದ 42, ದೊಡ್ಡ ಮಾಲಾದಷ್ಟೇ. ಆದರೆ ಕಣ್ಣಿನ ಪರದೆ ಅಲ್ಪ. ಕೈರೆಕ್ಕೆ ಉದ್ದ, ಹಳದಿ ಛಾಯೆ. ಗುದರೆಕ್ಕೆಯಲ್ಲಿ 9 ಕಡ್ಡಿ.

ಚೌಕ ಬಾಲದ ಮಾಲಾ (ಎಲ್ಲೋಕೆಲಾನ್ ವೈಜಿಯೆನ್ಸಿಸ್): ಇದರ ಕೈರೆಕ್ಕೆ ಕಪ್ಪು, ಬಾಲದ ಅಂಚು ಕವಲಾಗದೆ ಹೆಚ್ಚು ಕಡಿಮೆ ನೇರ, ಬಣ್ಣ ಹಳದಿ. ಗುದರೆಕ್ಕೆಯಲ್ಲಿ ದೊಡ್ಡ ಮಾಲಾದ ಹಾಗೆ 8 ಕಡ್ಡಿ ಇದ್ದರೂ ಬಾಲ ನೋಡಿದವರಿಗೆ ಗೊಂದಲ ಆಗುವುದಿಲ್ಲ.

ಹಳೆಯ ಪುಸ್ತಕಗಳಲ್ಲಿ ಪ್ಲಾನಿಲೈಜಾ ಎಂಬುದರ ಬದಲು ಲೈಜಾ ಎಂಬ ಹೆಸರು ಕಾಣಬಹುದು. ವಿಜ್ಞಾನಿಗಳು ಈ ಗುಂಪಿನ ಹೆಸರುಗಳನ್ನು ಇತ್ತೀಚಿನ ವರ್ಷಗಳಲ್ಲಿ ಬದಲಿಸಿದ್ದಾರೆ. ಮೀನು ಅದೇ, ಹೆಸರು ಮಾತ್ರ ಹೊಸದು. ದೊಡ್ಡ ಮಾಲಾದ ಹೆಸರು ಹಾಗೆಯೇ ಇದೆ.

ಮರಿ ಕೊಳ್ಳುವಾಗ ಎಚ್ಚರ

ಮೇಲಿನ ಗುರುತುಗಳೆಲ್ಲ ಬೆಳೆದ ಮೀನಿಗೆ ಸುಲಭ. ಕಷ್ಟ ಇರುವುದು ಮರಿಯಲ್ಲಿ. ದೊಡ್ಡ ಮಾಲಾ ಸಮುದ್ರದಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಸುಮಾರು 2-3 ಸೆಂ.ಮೀ. ಆದಾಗ ಗುಂಪುಗುಂಪಾಗಿ ಅಳಿವೆಯೊಳಗೆ ಬರುತ್ತವೆ. ಅದೇ ನೀರಿಗೆ ಸಣ್ಣ ಜಾತಿಗಳ ಮರಿಗಳೂ ಬರುತ್ತವೆ. ದಂಡೆಯಲ್ಲಿ ಬಲೆ ಎಳೆದು ಮರಿ ಹಿಡಿದು ಮಾರುವವರ ಬಕೆಟ್ಟಿನಲ್ಲಿ ಎಲ್ಲವೂ ಕಲಸಿರುತ್ತವೆ. ಆ ಗಾತ್ರದಲ್ಲಿ ಎಲ್ಲವೂ ಬೆಳ್ಳಿ ಚೂರುಗಳೇ. ಮಾರುವವರು ಮೋಸ ಮಾಡಲೇಬೇಕೆಂದಿಲ್ಲ, ಅವರಿಗೂ ಗೊತ್ತಿರುವುದಿಲ್ಲ.

ಇದರ ಪರಿಣಾಮ ಏನು? ಬರೀ ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಒಂದು ಗುಂಪು 1,000 ಮರಿ ಬಿಟ್ಟಿತು, ಅರ್ಧ ಉಳಿಯಿತು ಎಂದಿಟ್ಟುಕೊಳ್ಳಿ. ದೊಡ್ಡ ಮಾಲಾ ಆದರೆ ನೀರು, ಆಹಾರ ಸರಿಯಿದ್ದಲ್ಲಿ ವರ್ಷದಲ್ಲಿ ಅರ್ಧ ಕಿಲೋ ಮುಟ್ಟಬಲ್ಲದು. ಆಗ 500 ಮೀನಿಗೆ 250 ಕಿಲೋ. ಅದೇ 500 ಮೀನು ಗೇಣುದ್ದದ ಜಾತಿಯಾಗಿ ತಲಾ 60 ಗ್ರಾಂ ತೂಗಿದರೆ ಒಟ್ಟು 30 ಕಿಲೋ. ಬಲೆ, ಆಹಾರ, ಕಾವಲು ಎಲ್ಲ ಖರ್ಚು ಎರಡೂ ಕಡೆ ಒಂದೇ. ಸಾಲದ ಕಂತೂ ಒಂದೇ. ಮೀನು ಬೆಳೆಯಲಿಲ್ಲ ಅಂತ ಆಹಾರವನ್ನೋ ನೀರನ್ನೋ ಹಣೆಬರಹವನ್ನೋ ದೂರುವವರು ಇದ್ದಾರೆ. ಮರಿ ಬಿಟ್ಟ ದಿನವೇ ನಷ್ಟ ನಿರ್ಧಾರ ಆಗಿಹೋಗಿತ್ತು ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ಆದ್ದರಿಂದ ನಮ್ಮ ಸಲಹೆ ಹೀಗಿದೆ.

1. ಆದಷ್ಟೂ ಮೊಟ್ಟೆಕೇಂದ್ರದಲ್ಲಿ ಬೆಳೆಸಿದ, ಜಾತಿಯ ಹೆಸರನ್ನು ಬಿಲ್ಲಿನಲ್ಲಿ ಬರೆದುಕೊಡುವ ಮರಿಯನ್ನೇ ಕೊಳ್ಳಿ. ಚೆನ್ನೈಯಲ್ಲಿರುವ ಕೇಂದ್ರ ಸರಕಾರದ ಉಪ್ಪುನೀರು ಜಲಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗ್ರೇ ಮುಲ್ಲೆಟ್ ಅನ್ನು ತೊಟ್ಟಿಯಲ್ಲಿಟ್ಟು ಮರಿ ಮಾಡಿಸುವುದರಲ್ಲಿ ಯಶಸ್ಸು ಪಡೆದಿದ್ದಾರೆ. ಮರಿ ಎಲ್ಲಿ ಸಿಗುತ್ತದೆ ಎಂದು ನಿಮ್ಮ ತಾಲ್ಲೂಕಿನ ಮೀನುಗಾರಿಕಾ ಇಲಾಖೆಯಲ್ಲಿ ಮೊದಲೇ ವಿಚಾರಿಸಿ.

2. ಹೊಳೆಯ ಮರಿಯನ್ನೇ ಕೊಳ್ಳುವುದಾದರೆ ಬೆರಳುದ್ದ ಬೆಳೆದದ್ದನ್ನು ಕೊಳ್ಳಿ. ಬೆಲೆ ಸ್ವಲ್ಪ ಹೆಚ್ಚಾದರೂ ಗುರುತಿಸಬಹುದು.

3. ಪೂರ್ತಿ ಹಣ ಕೊಡುವ ಮೊದಲು ಬಕೆಟ್ಟಿನ ಬೇರೆ ಬೇರೆ ಕಡೆಯಿಂದ 20 ಮರಿ ತೆಗೆದು ಭೂತಗನ್ನಡಿಯ ಕೆಳಗೆ ಗುದರೆಕ್ಕೆ ಎಣಿಸಿ. ಮರಿಯಲ್ಲಿ ಒಂದು ವಿಶೇಷ ಇದೆ. ಮೂರನೆಯ ಮುಳ್ಳು ಇನ್ನೂ ಗಟ್ಟಿಯಾಗಿರುವುದಿಲ್ಲ, ಮೆತ್ತನೆ ಕಡ್ಡಿಯ ಹಾಗೇ ಕಾಣುತ್ತದೆ. ಹಾಗಾಗಿ ದೊಡ್ಡ ಮಾಲಾದ ಮರಿಯಲ್ಲಿ 2 ಮುಳ್ಳು, 9 ಕಡ್ಡಿ ಎಂದು ಲೆಕ್ಕ ಬರಬಹುದು. ಗಾಬರಿ ಆಗಬೇಡಿ. ಮುಳ್ಳು, ಕಡ್ಡಿ ಎರಡನ್ನೂ ಕೂಡಿಸಿ ಒಟ್ಟು ನೋಡಿ. ಒಟ್ಟು 11 ಬಂದರೆ ದೊಡ್ಡ ಮಾಲಾ ಆಗಿರಬಹುದು. 12 ಬಂದರೆ ಅಲ್ಲ.

4. 20ರಲ್ಲಿ ಎಷ್ಟು 11, ಎಷ್ಟು 12 ಎಂದು ಪುಸ್ತಕದಲ್ಲಿ ಬರೆಯಿರಿ. ಅರ್ಧಕ್ಕರ್ಧ 12 ಇದ್ದರೆ ಕೊಳ್ಳಬೇಡಿ, ಅಥವಾ ಬೆಲೆಯನ್ನು ಅದಕ್ಕೆ ಸರಿಯಾಗಿ ಮಾತಾಡಿ.

5. ಸಂಶಯ ಇದ್ದರೆ ನಾಲ್ಕಾರು ಮರಿಗಳನ್ನು ಐಸಿನಲ್ಲಿಟ್ಟು ಮೀನುಗಾರಿಕಾ ಅಧಿಕಾರಿಗಳಿಗೆ ಅಥವಾ ಮಂಗಳೂರಿನ ಮೀನುಗಾರಿಕಾ ಕಾಲೇಜಿನವರಿಗೆ ತೋರಿಸಿ. ಕೇಳುವುದರಲ್ಲಿ ನಾಚಿಕೆ ಬೇಡ.

ಸಣ್ಣ ಮೀನನ್ನು ಬಿಟ್ಟುಬಿಡಿ

ಗುರುತಿಸಲು ಕಲಿತವರಿಗೆ ಇನ್ನೊಂದು ಜವಾಬ್ದಾರಿಯೂ ಬರುತ್ತದೆ. ದೊಡ್ಡ ಮಾಲಾ ಸಾಮಾನ್ಯವಾಗಿ 30 ಸೆಂ.ಮೀ. ಮೀರಿದ ಮೇಲೆಯೇ ಮೊಟ್ಟೆ ಇಡಲು ಸಿದ್ಧವಾಗುತ್ತದೆ. ಅದಕ್ಕೆ ವರ್ಷಗಳು ಬೇಕು. ಒಂದು ದೊಡ್ಡ ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ ನಿಜ. ಆದರೆ ಅದರಲ್ಲಿ ಬೆಳೆದು ದೊಡ್ಡದಾಗುವುದು ಬೆರಳೆಣಿಕೆಯಷ್ಟು. ಗೇಣುದ್ದದ ಮಾಲಾ ಬಲೆಗೆ ಬಿದ್ದಾಗ, ಪರದೆಯ ಕಣ್ಣು, ಕಂಕುಳ ಹುರುಪೆ ಕಂಡರೆ, ಅದು ಇನ್ನೂ ಬೆಳೆಯಬೇಕಾದ ಮಗು ಎಂದು ತಿಳಿಯಿರಿ. ಅದೇ ಅಳತೆಯ ಚಿನ್ನದ ಮಚ್ಚೆಯ ಮಾಲಾ ಆಗಿದ್ದರೆ ಅದು ಬೆಳೆದ ಮೀನು. ಎರಡೂ ಒಂದೇ ಅಳತೆ, ಆದರೆ ಒಂದನ್ನು ಬಿಡಬೇಕು, ಇನ್ನೊಂದನ್ನು ತರಬಹುದು. ಇದು ಗೊತ್ತಾಗುವುದು ಗುರುತು ಕಲಿತವರಿಗೆ ಮಾತ್ರ.

ಕಾಂಡ್ಲಾ ಗಿಡಗಳ ಬೇರಿನ ನಡುವೆ ಈ ಮರಿಗಳು ಆಶ್ರಯ ಪಡೆಯುತ್ತವೆ. ಅಲ್ಲಿ ಉದುರಿದ ಎಲೆ ಕೊಳೆತು ಆದ ಕೆಸರೇ ಅವುಗಳ ಊಟ. ದಂಡೆಯ ಕಾಂಡ್ಲಾ ಕಡಿದರೆ ಮೀನಿನ ತೊಟ್ಟಿಲನ್ನೇ ಕಡಿದ ಹಾಗೆ.

ಮಾರುವವರಿಗೆ, ಕೊಳ್ಳುವವರಿಗೆ

ಮೀನು ಹಸಿಯೋ ಹಳತೋ ಎಂದು ಕಣ್ಣು ನೋಡಿ ಹೇಳುವುದು ನಮ್ಮವರ ವಾಡಿಕೆ. ದೊಡ್ಡ ಮಾಲಾದ ವಿಷಯದಲ್ಲಿ ಅದೊಂದನ್ನೇ ನಂಬಬೇಡಿ. ಕಣ್ಣಿನ ಮೇಲಿನ ಕೊಬ್ಬಿನ ಪರದೆ ಐಸಿನಲ್ಲಿಟ್ಟಾಗ ಬೆಳ್ಳಗಾಗಿ ಕಾಣಬಹುದು. ಆಗ ಗಿರಾಕಿಗಳು, "ಇದು ನಿನ್ನೆಯದ್ದು, ಕಣ್ಣು ನೋಡಿ" ಅಂತ ಬೆಲೆ ಇಳಿಸುತ್ತಾರೆ. "ಕಿವಿರು ಎತ್ತಿ ನೋಡಿ ಬಾಯಮ್ಮ, ಕೆಂಪುಂಟಾ ಇಲ್ವಾ?" ಎಂದು ಧೈರ್ಯದಿಂದ ತೋರಿಸಿ. ಕಿವಿರು ಕೆಂಪಗಿದ್ದು, ಬೆರಳಲ್ಲಿ ಒತ್ತಿದ ಮಾಂಸ ಮತ್ತೆ ಎದ್ದುಬಂದು, ವಾಸನೆ ಸರಿಯಿದ್ದರೆ ಮೀನು ಹಸಿ.

ಮಾಲಾದ ಹೊಟ್ಟೆಯ ಒಳಗೋಡೆಗೆ ಕಪ್ಪು ಪೊರೆ ಇರುತ್ತದೆ. ಅದು ರೋಗವೂ ಅಲ್ಲ, ಹಳತಾದ ಗುರುತೂ ಅಲ್ಲ. ಹುಟ್ಟಿನಿಂದಲೇ ಹಾಗೆ. ಆದರೆ ಅದನ್ನು ಉಜ್ಜಿ ತೆಗೆದು ತೊಳೆದರೆ ಕಹಿ, ಕೆಸರು ವಾಸನೆ ಕಡಿಮೆ. ಕೆಸರು ತಿನ್ನುವ ಮೀನಾದ್ದರಿಂದ ಅದು ಬೆಳೆದ ನೀರಿನ ಗುಣ ಮಾಂಸಕ್ಕೆ ಬರುತ್ತದೆ. ಚರಂಡಿ ನೀರು, ಕಾರ್ಖಾನೆ ನೀರು ಬೀಳುವ ಕಡೆಯಲ್ಲಿ ಹಿಡಿದದ್ದನ್ನು ಮಕ್ಕಳಿಗೆ ಕೊಡಬೇಡಿ. ಸಾಕಿದ ಮೀನನ್ನು ಮಾರುವ ಮೊದಲು ಒಂದು ದಿನ ಆಹಾರ ಹಾಕದೆ ಶುದ್ಧ ನೀರಿನಲ್ಲಿ ಬಿಟ್ಟರೆ ಹೊಟ್ಟೆ ಖಾಲಿಯಾಗಿ ರುಚಿ ಚೆನ್ನಾಗುತ್ತದೆ. ಎಲ್ಲಿಯದ್ದಾದರೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

ದೊಡ್ಡ ಹೆಣ್ಣು ಮೀನಿನ ಹೊಟ್ಟೆಯಲ್ಲಿ ಮೊಟ್ಟೆಯ ಎರಡು ಉದ್ದನೆ ಗೊಂಚಲು ಸಿಗುತ್ತದೆ. ಇಟಲಿ, ಜಪಾನ್, ತೈವಾನ್ ದೇಶಗಳಲ್ಲಿ ಅದನ್ನು ಉಪ್ಪು ಹಾಕಿ ಒಣಗಿಸಿ ಬಹಳ ಬೆಲೆಗೆ ಮಾರುತ್ತಾರೆ. ನಮ್ಮಲ್ಲಿ ಅದನ್ನು ಹುರಿದು ತಿನ್ನುವವರಿದ್ದಾರೆ. ಕರುಳಿನ ಜೊತೆ ಬಿಸಾಡುವವರೂ ಇದ್ದಾರೆ. ಬಿಸಾಡಬೇಡಿ.

ಸಂಘದ ಸಭೆಯಲ್ಲಿ ಮಾಡಿ ನೋಡಿ

ಓದಿದ್ದು ಮರೆಯುತ್ತದೆ, ಕೈಯಿಂದ ಮಾಡಿದ್ದು ಉಳಿಯುತ್ತದೆ. ಮುಂದಿನ ವಾರದ ಸಭೆಗೆ ಬರುವಾಗ ಯಾರಾದರೂ ಇಬ್ಬರು ಬೇರೆ ಬೇರೆ ಕಡೆಯಿಂದ ನಾಲ್ಕೈದು ಮಾಲಾ ತನ್ನಿ. ಬಿಳಿ ತಟ್ಟೆ, ಗುಂಡುಸೂಜಿ, ಶಾಲೆಗೆ ಹೋಗುವ ಮಕ್ಕಳ ಹತ್ತಿರ ಭೂತಗನ್ನಡಿ ಇದ್ದರೆ ಅದು, ಇಷ್ಟೇ ಸಾಕು. ಒಬ್ಬರು ಎಣಿಸಲಿ, ಇನ್ನೊಬ್ಬರು ಬರೆಯಲಿ, ಮೂರನೆಯವರು ಎಣಿಕೆ ಸರಿಯಾ ಎಂದು ಮತ್ತೊಮ್ಮೆ ನೋಡಲಿ. ಈ ಕ್ರಮದಲ್ಲಿ ನೋಡಿದರೆ ಸುಲಭ:

- ಬೆನ್ನಿನಲ್ಲಿ ದೂರದೂರ ಎರಡು ರೆಕ್ಕೆ, ಮುಂದಿನದರಲ್ಲಿ 4 ಮುಳ್ಳು ಇದೆಯೇ?
- ಪಕ್ಕಗೆರೆ ಇಲ್ಲವೇ?
- ಕಣ್ಣಿಗೆ ಸೀಳು ಬಿಟ್ಟ ಪರದೆ ಇದೆಯೇ?
- ಕೈರೆಕ್ಕೆ ಎತ್ತಿದರೆ ಕಂಕುಳ ಹುರುಪೆ ಇದೆಯೇ?
- ಗುದರೆಕ್ಕೆಯ ಒಟ್ಟು ಲೆಕ್ಕ 11 ಬಂತೇ?
- ಒಂದು ಸಾಲಿನ ಹುರುಪೆ 36ಕ್ಕಿಂತ ಕಡಿಮೆ ಇಲ್ಲವಷ್ಟೇ?

ಆರಕ್ಕೂ ಹೌದು ಎಂದಾದರೆ ಅದು ಮ್ಯುಗಿಲ್ ಸೆಫಾಲಸ್. ಒಂದಕ್ಕೆ ಇಲ್ಲ ಎಂದಾದರೂ ಮತ್ತೊಮ್ಮೆ ಎಣಿಸಿ, ಆಗಲೂ ಇಲ್ಲ ಎಂದಾದರೆ ಬೇರೆ ಜಾತಿ.

ನಂತರ ಈ ಪ್ರಶ್ನೆಗಳನ್ನು ಚರ್ಚಿಸಿ. ನಮ್ಮ ಊರಿನ ಹೊಳೆಯಲ್ಲಿ ಯಾವ ಜಾತಿಯ ಮಾಲಾ ಹೆಚ್ಚು? ಹತ್ತು ಹದಿನೈದು ವರ್ಷದ ಹಿಂದಿನಷ್ಟು ದೊಡ್ಡ ಮೀನು ಈಗಲೂ ಸಿಗುತ್ತದೆಯೇ? ನಮ್ಮ ಗುಂಪು ಸಾಕಣೆಗೆ ಇಳಿಯುವುದಾದರೆ ಮರಿಯನ್ನು ನೋಡಿ ತರುವ ಜವಾಬ್ದಾರಿ ಯಾರದ್ದು? ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಈ ಮೂರನೆಯ ಪ್ರಶ್ನೆಗೆ ಉತ್ತರ ಸಿಗಲೇಬೇಕು.

ಗುಂಪಿನ ಹಿರಿಯ ಬೆಸ್ತರನ್ನೂ ಆ ದಿನ ಕರೆಯಿರಿ. ನೀರಿನ ಮೇಲೆ ಮೀನು ಹಾರಿದ ರೀತಿ ನೋಡಿಯೇ ಇಂಥದ್ದು ಎನ್ನುವವರು ಅವರು. ಅವರ ಕಣ್ಣಿನ ಅಭ್ಯಾಸ, ನಮ್ಮ ಸೂಜಿಯ ಲೆಕ್ಕ ಎರಡೂ ಸೇರಿದರೆ ಮೋಸ ಹೋಗುವ ಸಂದರ್ಭ ಕಡಿಮೆ. ಮತ್ತಾಯನ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಬಲೆಯ ಸಾಮತಿ ನಮಗೆಲ್ಲ ಗೊತ್ತು. ಅಲ್ಲಿ ಬೆಸ್ತರು ಬಲೆಯನ್ನು ದಡಕ್ಕೆ ಎಳೆದು, ಅವಸರ ಮಾಡದೆ ಕೂತು ಮೀನನ್ನು ಆರಿಸುತ್ತಾರೆ. ಆರಿಸುವುದಕ್ಕೆ ಕೂರಬೇಕು, ಕೂತು ನೋಡಬೇಕು. ಮರಿಯ ಬಕೆಟ್ಟಿನ ಎದುರು ನಮ್ಮ ಗುಂಪುಗಳೂ ಹಾಗೆ ಹತ್ತು ನಿಮಿಷ ಕೂತರೆ, ಒಂದು ವರ್ಷದ ದುಡಿಮೆ ಉಳಿಯುತ್ತದೆ.